ಸಾಲಾವಳಿ ಕಂಪ್ಯೂಟರಿಗೆ ಗಿರಣಿ ಗಂಟೆ

ಕಂಪ್ಯೂಟರ್ ಆಫೀಸಿನಾಗೆ ಏನೂ ನಡಿಯಲ್ಲ, ಎಲ್ಲರೂ ತಣ್ಣಗೆ ಕುಂತಿರ್ತಾರೆ ಅಂತ ನೀವು ತಿಳ್ಕಂಡಿರಬಹುದು. ನಾನೂ ಹಂಗೇ ತಿಳ್ಕಂಡು ಕೆಲಸಕ್ಕೆ ಹೋದೆ. ಹೋದ ದಿನದಿಂದ ಒಂದಿಲ್ಲೊಂದು ಆಗಾಕೆ ಹತ್ತಿತು. ಏನಾತು, ಯಾಕಾತು ಅನ್ನೋದು ಮಾತ್ರ ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ. ತಿಳಿದದ್ದನ್ನ ಹೇಳ್ತೀನಿ. ತಿಳೀದೇ ಇರೋದನ್ನ ಇನ್ನೂ ಚೆನ್ನಾಗಿ ಹೇಳ್ತೀನಿ.

ನೂಲು ಎಲ್ಲಿ?

ತೊಂಬತ್ತರ ದಶಕ ಮುಗಿಯೋ ಕಾಲ. ನಾನು ದಾವಣಗೆರೆ ಹತ್ತಿ ಗಿರಣಿಯೊಂದರಾಗೆ ಸೂಪರ್‌ವೈಸರ್ ಆಗಿದ್ದು, ರಿಟೈರಾಗಿ ನಿಟ್ಟುವಳ್ಳಿ ಮನೆಯಾಗೆ ನಮ್ಮಾಕಿ ಅಡುಗೆಗೆ ಸೂಪರ್‌ವೈಸರ್ ಆಗಿದ್ದೆ. ಆಕಿ ತಡೀಲಾರದೆ, "ಹೊರಗೆ ಎಲ್ಲಾರ ಕೆಲಸ ನೋಡ್ಕಳ್ರಿ" ಅಂದ್ಲು.

ಅದೇ ಹೊತ್ತಿಗೆ ಕಬ್ಬಿಣದಂಗಡಿ ಸಾಹುಕಾರರ ಮಗ, ದೇವರಾಜ ಅರಸು ಬಡಾವಣೆಯಾಗೆ ಕಂಪ್ಯೂಟರ್ ಆಫೀಸು ತೆಗೆದಿದ್ದ. ಒಳಗೆ ಒಬ್ಬ ಗಡ್ಡದ ಹುಡುಗ, ಒಬ್ಬ ಗುಂಡು ಹುಡುಗ, ಒಂದು ಹುಡುಗಿ. ಮಾಲೀಕ ನನ್ನ ಕರೆದು ಹೇಳಿದ:

"ಅಜ್ಜಾರೆ, ಹರಿಹರದ ವಧು-ವರ ಕೇಂದ್ರದೋರು ಹುಡುಗ-ಹುಡುಗಿ ಸಾಲಾವಳಿ ನೋಡೋ ಪ್ರೋಗ್ರಾಂ ಕೇಳ್ಯಾರೆ. ಜಾತಕ ಹಾಕಿದ್ರೆ ಕೂಡ್ತದೋ ಇಲ್ಲೋ ಅಂತ ಅದೇ ಹೇಳಬೇಕು. ಉಗಾದಿ ಒಳಗೆ ಅವರು ಒಪ್ಪಲಿಲ್ಲ ಅಂದ್ರೆ ನಮ್ಮಪ್ಪ ಈ ಆಫೀಸಿಗೆ ಬೀಗ ಹಾಕ್ತಾರೆ. ನಾನು ಅಂಗಡಿಗೆ ಹೋಗಿ ಕಬ್ಬಿಣದ ಸರಳು ತೂಗಬೇಕು. ಇವರು ಕೆಲಸ ಮಾಡೋ ಹಂಗೆ ನೀವು ನೋಡ್ಕಳ್ರಿ, ಸಾಕು."

ಗಿರಣಿಯಾಗೆ ಅದು ಸಲೀಸು. ಮಷೀನು ತಿರುಗಿದ್ರೆ ಕೆಲಸ, ನಿಂತ್ರೆ ಇಲ್ಲ. ನೂಲು ಕಣ್ಣಿಗೆ ಕಾಣ್ತದೆ. ಇಲ್ಲಿ ಬೆಳಗಿಂದ ಸಂಜೆತನಕ ಟಕಟಕ ಅಂತಾರೆ, ಹೊರಗೆ ಏನೂ ಬರಲ್ಲ. ಮೊದಲ ದಿನ ಸಂಜೆ ಹುಡುಗಿನ ಕೇಳಿದೆ:

"ಏನವ್ವಾ, ಇವತ್ತು ಏನು ತಯಾರಾತು?"

"ಏನಿಲ್ಲಜ್ಜ, ನಿನ್ನೆ ಬರೆದಿದ್ದೆಲ್ಲಾ ಅಳಿಸಿದೆ."

"ಹಂಗಾರೆ ಇವತ್ತು ಕೆಲಸ ಆಗ್ಲಿಲ್ಲ ಅನ್ನು."

"ಅಯ್ಯ, ಖರೇ ಕೆಲಸ ಆಗಿದ್ದೇ ಇವತ್ತು!"

ಮನೆಗೆ ಬಂದು ನಮ್ಮಾಕಿಗೆ ಹೇಳಿದೆ, "ಅಲ್ಲಿ ಮಾಡಿದ್ದನ್ನ ಅಳಿಸಿದ್ರೆ ಶಹಬ್ಬಾಸ್ ಅಂತಾರೆ ಕಣೆ. ನನಗೇನೂ ತಿಳಿತಿಲ್ಲ, ನಾಳೆಯಿಂದ ಹೋಗಲ್ಲ."

ಆಕಿ ಗಾಬರಿಯಾಗಿ, "ಅವರು ಏನಾರ ಅಳಿಸ್ಕಳ್ಲಿ, ನೀವು ಬಿಡಬ್ಯಾಡ್ರಿ. ಇವತ್ತು ಒಂದಿನ ನೀವಿಲ್ಲದ್ದಕ್ಕೆ ಸಾರು ಎಷ್ಟು ರುಚಿ ಆಗೈತೆ ನೋಡ್ರಿ" ಅಂದ್ಲು.

ಗೊರಕೆ ಪರೀಕ್ಷೆ

ಗಡ್ಡದ ಹುಡುಗನೇ ಆ ಆಫೀಸಿನ ತಲೆ ಅಂತ ಎಲ್ಲರೂ ಹೇಳ್ತಿದ್ರು. ನಾನು ನೋಡಿದಾಗೆಲ್ಲ ಆ ತಲೆ ಕುರ್ಚಿ ಹಿಂದಕ್ಕೆ ಜೋತು ಬಿದ್ದು, ಕಣ್ಣು ಮುಚ್ಚಿರ್ತಿತ್ತು. ಗಿರಣಿ ಬಿಡೋ ದಿನ ನನಗೊಂದು ಹಿತ್ತಾಳೆ ಗಂಟೆ ಕೊಟ್ಟಿದ್ರು. ಒಂದು ದಿನ ಅದನ್ನ ಚೀಲದಾಗೆ ತಗಂಡು ಹೋಗಿ, ಅವನ ಕಿವಿ ಪಕ್ಕ ನಿಂತು ಒಂದು ಸಲ ಬಾರಿಸಿದೆ. ಪಿ.ಬಿ. ರೋಡಿನಾಗೆ ಹೋಗ್ತಿದ್ದ ಎತ್ತು ಗಾಡಿ ಬಿಟ್ಟು ಓಡಿದ್ವು.

ಹುಡುಗ ಚಹಾ ಕಪ್ಪಿನ ಸಮೇತ ಎದ್ದು ಕೂಗಿದ, "ಅಜ್ಜಾ! ಈಗ ತಾನೆ ಸಿಕ್ಕಿತ್ತು, ಹೋತು!"

"ಏನು ಹೋತೋ ತಮ್ಮಾ?"

"ಲಾಜಿಕ್ಕು!"

ಪಾಪ ಅನ್ನಿಸಿ ಟೇಬಲ್ ಕೆಳಗೆ ಬಗ್ಗಿ ಹುಡುಕಿದೆ. ನನ್ನ ನೋಡಿ ಗುಂಡು ಹುಡುಗನೂ ಬಗ್ಗಿದ.

ಮಾಲೀಕ ಬಂದು ತಿಳಿಸಿ ಹೇಳಿದ, "ಅವನು ಮಲಗಿರ್ಲಿಲ್ಲ, ಯೋಚನೆ ಮಾಡ್ತಿದ್ದ. ಅದೇ ಇವರ ಕೆಲಸ. ಯೋಚನೆ ಮಾಡುವಾಗ ಸದ್ದು ಮಾಡಬಾರದು ಅಜ್ಜಾರೆ."

ಆತಪ್ಪ. ಮರುದಿನ ಮಧ್ಯಾಹ್ನ ಗುಂಡು ಹುಡುಗ ಮಂಡಕ್ಕಿ-ಮೆಣಸಿನಕಾಯಿ ಬಜ್ಜಿ ತಿಂದು ಬಂದು ಟೇಬಲ್ ಮ್ಯಾಲೆ ತಲೆ ಇಟ್ಟ. ನಾನು ಕಿಟಕಿ ಮುಚ್ಚಿದೆ. ಫೋನ್ ರಿಸೀವರ್ ತೆಗೆದು ಪಕ್ಕಕ್ಕಿಟ್ಟೆ. ಮಾಲೀಕ ಬಂದ್ರೆ, "ಶ್! ದೊಡ್ಡ ಯೋಚನೆ ನಡದೈತೆ" ಅಂದೆ. ಅವನೂ ಚಪ್ಪಲಿ ಕೈಯಾಗೆ ಹಿಡ್ಕಂಡು ಹೊರಗೆ ಹೋದ. ಸಂಜೆ ಹುಡುಗ ಎದ್ದು ಬಾಯಿ ಒರೆಸ್ಕಂಡು, "ಮೆಣಸಿನಕಾಯಿ ಒಂದು ಜಾಸ್ತಿ ಆತಜ್ಜ, ಕಣ್ಣು ಹತ್ತಿಬಿಡ್ತು" ಅಂದ.

ಅವತ್ತಿಂದ ನಾನು ಎಲ್ಲರ ಮೂಗಿನ ಹತ್ರ ಕಿವಿ ಇಟ್ಟು ನೋಡಾಕೆ ಶುರು ಮಾಡಿದೆ. ಗೊರಕೆ ಬಂದ್ರೆ ನಿದ್ದೆ, ಬರದಿದ್ರೆ ಯೋಚನೆ. ಗಡ್ಡದ ಹುಡುಗ, "ನನಗೆ ಒಳ್ಳೆ ಯೋಚನೆ ಬರೋದೇ ಗೊರಕೆಯಾಗೆ" ಅಂದಮ್ಯಾಲೆ ಅದನ್ನೂ ಕೈಬಿಟ್ಟೆ.

ಕರೆಂಟಿಲ್ಲದ ಗೆರೆ

ಗಿರಣಿಯಾಗೆ ಸೋಮವಾರ ಬೆಳಿಗ್ಗೆ ಮಷೀನಿಗೆ ಪೂಜೆ ಮಾಡೋದು ನನ್ನ ಪದ್ಧತಿ. ಇಲ್ಲೂ ಒಂದು ಸೋಮವಾರ ಎಲ್ಲರಿಗಿಂತ ಮುಂಚೆ ಹೋಗಿ ಊದಿನಕಡ್ಡಿ ಹಚ್ಚಿ, ಹುಡುಗಿ ಕಂಪ್ಯೂಟರಿನ ಗಾಜಿನ ಮ್ಯಾಲೆ ಅಡ್ಡಕ್ಕೆ ಮೂರು ಬೆರಳು ವಿಭೂತಿ ಎಳೆದೆ.

ಹುಡುಗಿ ಬಂದು ಕುಂತಾಕಿ, "ಯಾಕೋ ಮೂರು ಗೆರೆ ಬರ್ತದಾವೆ" ಅಂದ್ಲು. ಗಡ್ಡದವ ನೋಡಿ, "ನಿನ್ನೆ ನೀನು ಬರೆದದ್ದರಾಗೆ ತಪ್ಪೈತೆ" ಅಂದ. ಆಕಿ, "ನೀನು ಮುಟ್ಟಿದ್ದಕ್ಕೆ ಕೆಟ್ಟೈತೆ" ಅಂದ್ಲು. ಬರೆದದ್ದು ಅಳಿಸಿದ್ರು. ಅಳಿಸಿದ್ದು ಬರೆದ್ರು. ಗೆರೆ ಹೋಗ್ಲಿಲ್ಲ. ನಾನು ಪಕ್ಕದಾಗೆ ಸ್ಟೂಲ್ ಹಾಕ್ಕಂಡು ನೋಡ್ತಾ ಕುಂತಿದ್ದೆ. ಇವರು ಒಳಗಿನ ಯಾವುದೋ ಬ್ಯಾರೆ ಗೆರೆ ಬಗ್ಗೆ ಮಾತಾಡ್ತಾರೆ ಅಂತ ನನ್ನ ತಿಳುವಳಿಕೆ.

ಊಟದ ಹೊತ್ತಿಗೆ ಗಡ್ಡದವ ಸಿಟ್ಟಿಗೆದ್ದು ಪ್ಲಗ್ಗೇ ಕಿತ್ತ. ಪರದೆ ಕಪ್ಪಾತು. ಮೂರು ಗೆರೆ ಇನ್ನೂ ಎದ್ದು ಕಂಡ್ವು. ಪ್ಲಗ್ಗು ಕೈಯಾಗೆ ಹಿಡ್ಕಂಡೇ ಕೂಗಿದ, "ಲೇ, ಕರೆಂಟಿಲ್ಲದೇ ಗೆರೆ ಬರ್ತದಾವಲ್ಲೋ!"

ಗುಂಡು ಹುಡುಗ ಬೆರಳಿಂದ ಒರೆಸಿ, ಮೂಸಿ ನೋಡಿ, ನನ್ನ ಕಡೆ ತಿರುಗಿದ. "ಅಜ್ಜಾ, ಇದು ವಿಭೂತಿ."

"ಹೌದು, ನಾನೇ ಹಚ್ಚಿದ್ದು."

"ಬೆಳಗಿಂದ ಇಲ್ಲೇ ಕುಂತಿದ್ದಿ. ಮತ್ತೆ ಯಾಕ ಹೇಳ್ಲಿಲ್ಲ?"

"ನೀವು ಯೋಚನೆ ಮಾಡ್ತಿದ್ರಲ್ಲೋ. ಮಾತಾಡಬ್ಯಾಡ ಅಂದಿದ್ದು ಯಾರು?"

ಕೊಕ್ಕನೂರಿನ ಸಂಬಂಧ

ಅಂತೂ ಪ್ರೋಗ್ರಾಂ ತಯಾರಾತು. ಕಂಪ್ಯೂಟರಿಗೆ ಕಂಬಳಿ ಹೊದಿಸಿ ಆಟೋದಾಗೆ ಹರಿಹರಕ್ಕೆ ಒಯ್ದ್ವಿ. ವಧು-ವರ ಕೇಂದ್ರದ ಯಜಮಾನ್ರು ಅಂದ್ರೆ ಊರಿನ ಅರ್ಧ ಮದುವೆ ಮಾಡಿಸಿದ ಮನುಷ್ಯ. "ಮೊದಲು ನಮ್ಮಿಬ್ಬರದೇ ಹಾಕ್ರಿ" ಅಂತ ತಮ್ಮದೂ ಹೆಂಡತಿದೂ ಜಾತಕ ಕೊಟ್ರು. ಯಜಮಾನ್ತಿ ಬಾಗಿಲ ಹತ್ರ ನಿಂತಿದ್ರು.

ಹುಡುಗಿ ಗುಂಡಿ ಒತ್ತಿದ್ಲು. ಕಣ್ಣು ಮುಚ್ಚಿ ತೆರೆಯೋದರೊಳಗೆ ಪರದೆ ಮ್ಯಾಲೆ ಬಂತು: ಕೂಡುವುದಿಲ್ಲ.

ಮಾಲೀಕನ ಮುಖದಾಗೆ ಕಬ್ಬಿಣದ ಸರಳು ಕಂಡ್ವು. ಯಜಮಾನ್ರು ಕೆಂಪಗಾದ್ರು. "ಬ್ಯಾಡ ಅಂದಿದ್ದಕ್ಕೆ ಸಿಟ್ಟಿಲ್ರಿ ನನಗೆ. ಇಷ್ಟು ಬೇಗ ಅಂದ್ರೆ ಹೆಂಗೆ? ನಮ್ಮಪ್ಪ ಕೊಕ್ಕನೂರಿಗೆ ಚಪ್ಪಲಿ ಸವೆಯೋ ಹಂಗೆ ತಿರುಗಿ, ಇವಳ ಮನೆಯೋರನ್ನೆಲ್ಲ ವಿಚಾರಿಸಿ, ಆಮ್ಯಾಲೆ ಹೂಂ ಅಂದ!"

ಯಜಮಾನ್ತಿ ಬಾಗಿಲಿಂದಲೇ, "ಅಷ್ಟು ತಿರುಗಿದ್ರೂ ನಿಮ್ಮಪ್ಪಗೆ ತಿಳೀಲಿಲ್ಲ, ಇದಕ್ಕೆ ಕುಂತಲ್ಲೇ ತಿಳೀತು. ತಗಳ್ರಿ ಇದನ್ನ" ಅಂದ್ರು.

ಯಜಮಾನ್ರು ಕೇಳ್ಲಿಲ್ಲ. "ಮದುವೆ ವಿಚಾರ ಇದು, ಹುಡುಗಾಟ ಅಲ್ಲ. ಇದಕ್ಕೆ ಸ್ವಲ್ಪ ಯೋಚನೆ ಮಾಡಾಕೆ ಕಲಿಸಿ ತಗಂಬರ್ರಿ."

ವಾಪಸ್ ಬರುವಾಗ ತುಂಗಭದ್ರೆ ಸೇತುವೆ ಮ್ಯಾಲೆ ಗಡ್ಡದವ ಹೊಳೆಗೆ ಹಾರೋನ ಹಂಗೆ ಕುಂತಿದ್ದ. "ಬೇಗ ಓಡೋ ಹಂಗೆ ಮಾಡಾಕೆ ತಿಂಗಳುಗಟ್ಟಲೆ ತಲೆ ಕೆಡಿಸ್ಕಂಡೀನಿ. ಈಗ ಬೇಕಂತ ನಿಧಾನ ಮಾಡ್ಬೇಕಾ? ನಾನು ಮಾಡಲ್ಲ."

"ಲೇ, ನಿನಗೆ ಯೋಚನೆ ಮಾಡಾಕೆ ಇಡೀ ದಿನ ಬೇಕು" ಅಂದೆ. "ಅದು ಅರ್ಧ ನಿಮಿಷ ಮಾಡಿದ್ರೆ ನಿನಗೆ ಹೊಟ್ಟೆಕಿಚ್ಚಾ?"

ಎಬ್ಬಿಸಬ್ಯಾಡ್ರಿ

ಹುಡುಗಿ ಚೆಂದ ಮಾಡಿದ್ಲು. ಗುಂಡಿ ಒತ್ತಿದ್ರೆ ಪರದೆ ಮ್ಯಾಲೆ ಒಂದು ದೀಪ ಉರೀತದೆ, ಕೆಳಗೆ "ಸಾಲಾವಳಿ ನೋಡುತ್ತಿದೆ, ಸುಮ್ಮನೆ ಕೂತಿರಿ" ಅಂತ ಬರ್ತದೆ. ಅರ್ಧ ನಿಮಿಷ ಬಿಟ್ಟು ಉತ್ತರ. ಮತ್ತೆ ಹರಿಹರಕ್ಕೆ ಒಯ್ದು ತೋರಿಸಿದ್ವಿ, ಯಜಮಾನ್ರಿಗೆ ಸಮಾಧಾನ ಆತು. "ಇಲ್ಲೇ ಇರ್ಲಿ, ಒಂದು ವಾರ ನೋಡಿ ಹೇಳ್ತೀನಿ" ಅಂದ್ರು. ಉಗಾದಿಗೂ ಒಂದೇ ವಾರ ಉಳಿದಿತ್ತು.

ವಾರ ತುಂಬೋ ದಿನ ಮಧ್ಯಾಹ್ನ ಯಜಮಾನ್ರ ಫೋನು. ಮೆಲ್ಲಗೆ, ಪಿಸುಗುಟ್ಟಿದಂಗೆ. "ಬೆಳಗಿಂದ ಯೋಚನೆ ಮಾಡ್ತೈತ್ರಿ. ಗಂಡಿನೋರು ಹೆಣ್ಣಿನೋರು ಇಬ್ರೂ ಕುಂತಾರೆ. ಸದ್ದಾಗ್ತದೆ ಅಂತ ಫ್ಯಾನೂ ಆರಿಸೀವಿ."

ಗಡ್ಡದವ ತಲೆ ಚಚ್ಚಿಕೊಂಡ. "ಯೋಚನೆ ಅಲ್ಲ, ಕೆಟ್ಟು ನಿಂತೈತೆ!"

ಆಟೋ ಹತ್ತಿ ಓಡಿದ್ವಿ. ಗಂಟೆ ಚೀಲ ನನ್ನ ಹೆಗಲಿಗೇ ಇತ್ತು.

ಹೋಗಿ ನೋಡಿದ್ರೆ ಬೈಗುಳ ಇಲ್ಲ, ನಗೆ ಕೇಳ್ತೈತೆ. ಬೆಳಗಿಂದ ಎದುರುಬದುರು ಕುಂತು ಕುಂತು ಎರಡೂ ಕಡೆಯೋರು ಮಾತಿಗೆ ಬಿದ್ದು, ಹಳೇ ನೆಂಟಸ್ತನ ಹುಡುಕಿ, ಯಜಮಾನ್ತಿ ಮಾಡಿದ ಉಪ್ಪಿಟ್ಟು ಉಂಡು, ಹುಡುಗ-ಹುಡುಗಿನ ಹಿತ್ತಲಾಗೆ ಮಾತಾಡಾಕೆ ಬಿಟ್ಟು, ಸಂಬಂಧ ಗಟ್ಟಿ ಮಾಡ್ಕಂಡು, ಎಲೆ-ಅಡಿಕೆ ಹಾಕ್ತಾ ಕುಂತಿದ್ರು. ಪರದೆ ಮ್ಯಾಲೆ ದೀಪ ಹಂಗೇ ನಿಂತಿತ್ತು.

ಗಡ್ಡದವ ಹಿಂದಿನ ವೈರು ಮುಟ್ಟಿದ. ನಾನು ಮುಂದೆ ನಿಂತು ಗಂಟೆ ಬಾರಿಸಿದೆ. ಯಾವುದಕ್ಕೆ ಎಚ್ಚರಾತು ಅಂತ ಈಗಲೂ ಜಗಳ ಐತೆ. ಗಂಟೆಗೇ ಅನ್ನೋದಕ್ಕೆ ನಾನೇ ಸಾಕ್ಷಿ. ದೀಪ ಅಲ್ಲಾಡಿತು, ಉತ್ತರ ಬಂತು: ಕೂಡುವುದಿಲ್ಲ.

ಮಾಲೀಕ ಕಣ್ಣು ಮುಚ್ಚಿದ.

ಗಂಡಿನ ತಾಯಿ ನಿಧಾನಕ್ಕೆ ಎದ್ದು ಬಂದ್ರು. ನಮ್ಮ ಕಂಬಳಿ ಅಲ್ಲೇ ಮೂಲೆಯಾಗೆ ಬಿದ್ದಿತ್ತು. ಅದನ್ನ ತಗಂಡು ಕಂಪ್ಯೂಟರಿಗೆ ತಲೆ ತುಂಬ ಹೊದಿಸಿ ಅಂದ್ರು, "ಅರ್ಧ ನಿದ್ದೆಯಾಗೆ ಎಬ್ಬಿಸೀರಿ, ಸಿಟ್ಟಿಗೆ ಏನೋ ಅಂತೈತೆ. ಮಲಗಲಿ ಪಾಪ."

ಯಜಮಾನ್ರು ಮಾಲೀಕನ ಹೆಗಲ ಮ್ಯಾಲೆ ಕೈ ಹಾಕಿ ಪಕ್ಕಕ್ಕೆ ಕರ್ಕಂಡು ಹೋದ್ರು. "ನೋಡಪ್ಪ, ನಲವತ್ತು ವರ್ಷದಾಗೆ ಒಂದೇ ದಿನಕ್ಕೆ ಸಂಬಂಧ ಕುದುರಿದ್ದು ನಾನು ಕಂಡಿಲ್ಲ. ಮಷೀನು ನನಗೆ ಒಪ್ಪಿಗೆ. ಆದ್ರೆ ಒಂದು ಮಾತು. ಇವತ್ತು ಹೆಂಗೆ ಕೆಟ್ಟೈತೋ ಹಂಗೇ ಇರ್ಲಿ. ಆ ಗಡ್ಡದ ಹುಡುಗಗೆ ಹೇಳು, ರಿಪೇರಿ-ಗಿಪೇರಿ ಅಂತ ಈ ಕಡೆ ಬಂದ್ರೆ ಕಾಲು ಮುರಿತೀನಿ."