ವಸ್ತು ಸಂಖ್ಯೆ 14ರ ಹರಾಜು ಮುಕ್ತಾಯವಾಗದಿರುವ ಕುರಿತು

ಮಾರಿಸ್‌ವಿಲ್‌ನ ಪೈನ್‌ವನ ಕನ್ನಡ ಬಳಗದ ವಸಂತ ಆನ್‌ಲೈನ್ ಹರಾಜು 2023ರ ಏಪ್ರಿಲ್ 16ರ ಭಾನುವಾರ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಮುಕ್ತಾಯವಾಗತಕ್ಕದ್ದೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿತ್ತು. ಹರಾಜು ಇನ್ನೂ ಮುಕ್ತಾಯವಾಗಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಅದೇ ಸಮಿತಿ ಸರ್ವಾನುಮತದಿಂದ ಒಪ್ಪಿಕೊಂಡಿದೆ. ಹೊಸ ಸದಸ್ಯರು ಪದೇ ಪದೇ ಕೇಳಿ ತಲೆ ತಿನ್ನುವುದರಿಂದ, ಬಳಗದ ಕಾರ್ಯದರ್ಶಿ ಕೇಶವಮೂರ್ತಿಯಾದ ನಾನು ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ದಾಖಲಿಸುತ್ತಿದ್ದೇನೆ.

ನಮ್ಮ ಬಳಗಕ್ಕೆ ಒಂದು ಪ್ರೊಜೆಕ್ಟರ್ ಬೇಕಿತ್ತು. ಸದಸ್ಯರು ತಮಗೆ ಬೇಡವಾದದ್ದನ್ನು ದಾನ ಮಾಡುವುದು, ಅದನ್ನು ಇನ್ನೊಬ್ಬ ಸದಸ್ಯರು ಹರಾಜಿನಲ್ಲಿ ಕೊಂಡು ತಮಗೂ ಬೇಡವೆಂದು ಮುಂದಿನ ವರ್ಷ ದಾನ ಮಾಡುವುದು, ಹೀಗೆ ಎಂಟು ವರ್ಷದಲ್ಲಿ ಪ್ರೊಜೆಕ್ಟರ್ ಬರುತ್ತದೆಂಬುದು ಅಧ್ಯಕ್ಷ ಗುರುದತ್ ಅವರ ಯೋಜನೆ. ಈ ಯೋಜನೆಯಡಿ ಒಂದು ಬ್ರೆಡ್ ಮಷೀನ್ ನಾಲ್ಕು ಮನೆ ಸುತ್ತಿ, ಒಂದು ತುಂಡು ಬ್ರೆಡ್ಡನ್ನೂ ಕಾಣದೆ, ಸದ್ಯ ನಮ್ಮ ಮನೆಯಲ್ಲಿದೆ.

ಆ ವರ್ಷ ಸದಸ್ಯ ಗೋಪಿನಾಥ ಅವರು ತಮ್ಮ ಗ್ಯಾರೇಜ್ ಕ್ಲೀನ್ ಮಾಡಿದರು. ಮಾಡಬಾರದಿತ್ತು. ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದ, ಮೂರು ಕಾಲಿನ, ಮೇಲೆ ತಿರುಗಿಸುವ ಹಿಡಿಯಿದ್ದ ಭಾರದ ಕಬ್ಬಿಣದ ಸಾಮಾನೊಂದು ಸಿಕ್ಕಿತು. ಹಳೇ ಕಾರಿನ ಜ್ಯಾಕ್ ಇರಬೇಕೆಂದುಕೊಂಡು ಬಳಗಕ್ಕೆ ದಾನ ಕೊಟ್ಟು, ರಸೀದಿ ಪಡೆದು, ಹಗುರಾಗಿ ಮನೆಗೆ ಹೋದರು. ನಮ್ಮ ವಸ್ತು ವರ್ಣನಾ ಉಪಸಮಿತಿಯಲ್ಲಿ ಐವರಿದ್ದಾರೆ, ಐವರೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳೆದವರು. ಅವರು ಅದನ್ನು ನಲವತ್ತು ನಿಮಿಷ ಹಿಂದೆ ಮುಂದೆ ತಿರುಗಿಸಿ ನೋಡಿ, "ವಸ್ತು ಸಂಖ್ಯೆ 14: ಪುರಾತನ ಲೋಹದ ಕಲಾಕೃತಿ. ಹಿಡಿ ತಿರುಗುತ್ತದೆ" ಎಂದು ವೆಬ್‌ಸೈಟಿನಲ್ಲಿ ಬರೆದರು.

ಅದು ಶ್ಯಾವಿಗೆ ಒರಳು. ಗೋಪಿನಾಥರ ಹೆಂಡತಿ ರಾಜಲಕ್ಷ್ಮಿಯವರ ತಾಯಿಯದು. 2021ರ ಮೇ ತಿಂಗಳಲ್ಲಿ ಆ ತಾಯಿ ಮೈಸೂರಿನಲ್ಲಿ ತೀರಿಕೊಂಡಾಗ ರಾಜಲಕ್ಷ್ಮಿಯವರ ವೀಸಾ ಸ್ಟ್ಯಾಂಪ್ ಆಗಿರಲಿಲ್ಲ. ಹೋದರೆ ವಾಪಸ್ ಬರುವ ಖಾತ್ರಿ ಇರಲಿಲ್ಲ, ಹೋಗಲಿಲ್ಲ. ವರ್ಷದ ಮೇಲೆ ತಮ್ಮನ ಸೂಟ್‌ಕೇಸಿನಲ್ಲಿ ಒರಳು ಬಂತು. ಅದರ ಮರದ ಹಿಡಿ ಒಂದು ಕಡೆ ಅಮ್ಮನ ಅಂಗೈಯಷ್ಟೇ ಅಗಲ ಸವೆದಿತ್ತು. ಶ್ಯಾವಿಗೆ ಒತ್ತುವುದಕ್ಕೆ ಇಬ್ಬರು ಬೇಕು, ಒಬ್ಬರು ಹಿಡಿ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿಯಬೇಕು. ಗೋಪಿನಾಥರಿಗೆ ಭುಜದ ನೋವು. ಹಾಗಾಗಿ ಒರಳು ಸೀರೆ ಸುತ್ತಿಕೊಂಡು ಗ್ಯಾರೇಜಿನಲ್ಲಿ ಕೂತಿತ್ತು.

ವೆಬ್‌ಸೈಟಿನಲ್ಲಿ ಫೋಟೋ ನೋಡಿದ ಅರ್ಧ ಗಂಟೆಯಲ್ಲಿ ರಾಜಲಕ್ಷ್ಮಿಯವರು ಅಧ್ಯಕ್ಷರ ಮನೆಯಲ್ಲಿದ್ದರು. ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ಅದು ನಮ್ಮಮ್ಮಂದು ಸರ್. ಇವ್ರು ಗೊತ್ತಿಲ್ದೆ ಕೊಟ್ಬಿಟ್ಟಿದಾರೆ. ವಾಪಸ್ ಕೊಡಿ."

"ಅಯ್ಯೋ, ನಂಗೆ ತುಂಬಾ ಬೇಜಾರಾಗ್ತಿದೆ ಮೇಡಂ," ಎಂದರು ಗುರುದತ್. "ಆದ್ರೆ ಟ್ಯಾಕ್ಸ್ ರಸೀದಿ ಇಶ್ಯೂ ಆಗ್ಬಿಟ್ಟಿದೆ. ರೂಲ್ ಏಳು. ಕೊಟ್ಟಿದ್ದು ಕೊಟ್ಟಂಗೆ. ನೀವು ಬಿಡ್ ಮಾಡಿ, ಅದನ್ನ ಇನ್ಯಾರು ತಗೋತಾರೆ?"

ವೆಬ್‌ಸೈಟ್ ನೋಡಿಕೊಳ್ಳುವ ನಮ್ಮ ಶಾಹಬಾಜ್ ಒಳ್ಳೆಯ ಹುಡುಗ. ಅವನು ರಾಜಲಕ್ಷ್ಮಿಯವರಿಗೆ ಸಮಾಧಾನವಾಗಿ ತಿಳಿಸಿ ಹೇಳಿದ. "ಆಂಟಿ, ನಿಮ್ಮ ಮನಸಲ್ಲಿರೋ ಮ್ಯಾಕ್ಸಿಮಮ್ ಹಾಕ್ಬಿಡಿ. ಐನೂರು ಅಂತಿಟ್ಕೊಳಿ. ಬೇರೆಯವ್ರು ಎಷ್ಟು ಹಾಕಿದ್ರೂ ಅದಕ್ಕಿಂತ ಒಂದೇ ಡಾಲರ್ ಜಾಸ್ತಿ ಸಿಸ್ಟಮ್ಮೇ ಹಾಕ್ಕೊಂಡು ಹೋಗುತ್ತೆ. ಲಾಸ್ಟ್ ಸೆಕೆಂಡಲ್ಲಿ ಯಾರು ಬಂದ್ರೂ ಏನೂ ಮಾಡಕ್ಕಾಗಲ್ಲ."

"ಮೊದಲೇ ಐನೂರು ಅಂತ ಹೇಳ್ಬಿಡೋದಾ? ದೇವರಾಜ ಮಾರ್ಕೆಟ್ಟಲ್ಲಿ ಹಂಗೆ ಹೇಳಿದ್ರೆ ಕೈಚೀಲಾನೂ ಕಿತ್ಕೋತಾರೆ."

"ಯಾರಿಗೂ ಕಾಣಲ್ಲ ಆಂಟಿ."

"ಸಿಸ್ಟಮ್‌ಗೆ ಕಾಣುತ್ತಲ್ಲಪ್ಪ."

ಬಳಗದ ನೂರ ಹನ್ನೆರಡು ಕುಟುಂಬಗಳಲ್ಲಿ ಈ ಸೌಲಭ್ಯವನ್ನು ಬಳಸಿದವರು ಇಂದಿನವರೆಗೆ ಒಬ್ಬರೂ ಇಲ್ಲ. ಮನಸ್ಸಿನಲ್ಲಿರುವ ಬೆಲೆಯನ್ನು ಬಾಯಿಬಿಟ್ಟು ಹೇಳುವವರನ್ನು ನಮ್ಮ ಕಡೆ ಪೆದ್ದರು ಎನ್ನುತ್ತಾರೆ, ಮಷೀನಿಗೆ ಹೇಳಿದರೂ ಅಷ್ಟೇ.

ರಾಜಲಕ್ಷ್ಮಿಯವರು ಭಾನುವಾರ ಬೆಳಗ್ಗೆಯೇ ಸ್ನಾನ ಮಾಡಿ, ದೀಪ ಹಚ್ಚಿ, ನಲವತ್ತು ಡಾಲರ್ ಬಿಡ್ ಹಾಕಿದರು. ಮಧ್ಯಾಹ್ನವಾದರೂ ಇನ್ನೊಂದು ಬಿಡ್ ಇಲ್ಲ. ಮೂರು ಗಂಟೆಗೂ ಇಲ್ಲ. ನಾಲ್ಕಕ್ಕೆ ಮೂರು ಸೆಕೆಂಡ್ ಇರುವಾಗ ಫೋರ್ಟ್ ಮಿಲ್‌ನ ಪ್ರತಾಪ್ ಎಂಬವರಿಂದ ನಲವತ್ತೊಂದು ಬಂತು. ರಾಜಲಕ್ಷ್ಮಿಯವರು ಬೆರಳು ಒತ್ತಿದರು. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು, ಆಮೇಲೆ "ಮುಕ್ತಾಯ" ಎಂದಿತು. ಅವರು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತರೆಂದು ಗೋಪಿನಾಥರು ನನಗೆ ಆಮೇಲೆ ಹೇಳಿದರು. ಎರಡು ವರ್ಷದ ಹಿಂದೆ ಅಳಬೇಕಾಗಿದ್ದುದೂ ಅದರಲ್ಲಿ ಸೇರಿತ್ತಂತೆ.

ಈ ಪ್ರತಾಪರ ಬಗ್ಗೆ ಎರಡು ಮಾತು. ಅವರ ಊರಿನ ಕಡೆಯ ಹರಾಜುಗಳಲ್ಲಿ ಕೊಳ್ಳುವುದಕ್ಕೆ ಇನ್ನೇನೂ ಉಳಿದಿಲ್ಲವಾದ್ದರಿಂದ ಅವರು ನಮ್ಮ ಬಳಗ ಸೇರಿದ್ದರು. ಸದಾ ಕೊನೆಯ ಮೂರು ಸೆಕೆಂಡಿನಲ್ಲಿ ತಾನಾಗಿಯೇ ಬಿಡ್ ಹಾಕುವ ಒಂದು ಪ್ರೋಗ್ರಾಂ ಬರೆದುಕೊಂಡಿದ್ದರು. ಆ ದಿನ ಅವರು ಗೆದ್ದ ಒಂಬತ್ತು ವಸ್ತುಗಳಲ್ಲಿ ಗ್ಯಾಸ್ಕೆಟ್ ಇಲ್ಲದ ಮೂರು ಕುಕ್ಕರುಗಳೂ ಇದ್ದವು.

ಇದು ನ್ಯಾಯವೋ ಅನ್ಯಾಯವೋ ಎಂದು ನಿರ್ಧರಿಸಲು ಸರ್ವಸದಸ್ಯರ ಸಭೆ ಕರೆಯಲಾಯಿತು. ಎರಡು ಗಂಟೆಗೆ ಕರೆದ ಸಭೆ ಪದ್ಧತಿಯಂತೆ ಮೂರು ನಲವತ್ತಕ್ಕೆ ಆರಂಭವಾಯಿತು.

"ಒರಳು ನಿಮಗ್ಯಾಕೆ ಬೇಕಿತ್ತು?" ಎಂದು ನಾನು ಸಭೆಯ ಪರವಾಗಿ ಕೇಳಿದೆ.

"ಒರಳು ಅಂತ ಈಗ್ಲೇ ಗೊತ್ತಾಗಿದ್ದು ಸರ್," ಎಂದರು ಪ್ರತಾಪ್. "ಬೇಕು ಅಂತೇನಿಲ್ಲ. ಟೈಮ್ ಇತ್ತು, ಹಾಕ್ದೆ."

"ಬೆಳಗ್ಗೆಯಿಂದ ಕಾಯ್ದೋರ ಬಾಯಿಂದ ಕಿತ್ಕೊಳ್ಳೋದು ಮೋಸ ಅಲ್ವೇನ್ರಿ?" ಎಂದರು ರಾಜಲಕ್ಷ್ಮಿ.

"ಮೇಡಂ, ನಾಲ್ಕು ಗಂಟೆ ಅಂತ ಕಮಿಟಿನೇ ಹಾಕಿದ್ದು. ನಾಲ್ಕರೊಳಗೆ ಬಂದಿದೀನಿ. ಈ ಬಳಗದಲ್ಲಿ ಟೈಮಿಗೆ ಸರಿಯಾಗಿ ಬಂದೋನು ನಾನೊಬ್ನೇ. ಅದು ತಪ್ಪಾ?"

ಕೊನೆಗೆ ರೂಲ್ ಹನ್ನೊಂದನ್ನು ರಚಿಸಲಾಯಿತು. ಅದರ ಪ್ರಕಾರ ಕೊನೆಯ ಐದು ನಿಮಿಷದಲ್ಲಿ ಬಿಡ್ ಬಂದರೆ ಹರಾಜು ಇನ್ನೈದು ನಿಮಿಷ ಮುಂದಕ್ಕೆ ಹೋಗತಕ್ಕದ್ದು. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಆದರೆ ಹೀಗೆ ಐದೈದು ನಿಮಿಷ ಬೆಳೆದರೆ ನಾಲ್ಕೂವರೆಗೆ ಭಾನುವಾರದ ರಾಹುಕಾಲ ಬಂದುಬಿಡುತ್ತದೆಂದೂ, ಬಳಗದ ಯಾವ ವ್ಯವಹಾರವೂ ರಾಹುಕಾಲದಲ್ಲಿ ಮುಗಿದ ಉದಾಹರಣೆಯಿಲ್ಲವೆಂದೂ ಗುರುದತ್ ಆಕ್ಷೇಪಿಸಿದರು. ಆದ್ದರಿಂದ "ಇನ್ನೈದು ನಿಮಿಷ" ಎಂಬುದನ್ನು ಹೊಡೆದು "ಇನ್ನೊಂದು ವಾರ" ಎಂದು ತಿದ್ದಲಾಯಿತು. ಪ್ರತಾಪರು ಇನ್ನೂ ಹಣ ಕಟ್ಟಿರಲಿಲ್ಲವಾಗಿ ವಸ್ತು ಸಂಖ್ಯೆ 14ನ್ನು ಮತ್ತೆ ಹರಾಜಿಗಿಡಲು ಅವರೂ ಒಪ್ಪಿದರು. ಇನ್ನೊಂದು ಕೊನೇ ಸೆಕೆಂಡ್ ಸಿಗುತ್ತದೆಂದರೆ ಅವರಿಗೆ ಹಬ್ಬ.

ಮೇ 7ರ ಬೆಳಗ್ಗೆ ರಾಜಲಕ್ಷ್ಮಿಯವರು ನಲವತ್ತೆರಡು ಹಾಕಿದರು. ನಾಲ್ಕಕ್ಕೆ ಮೂರು ಸೆಕೆಂಡ್ ಇರುವಾಗ ಪ್ರತಾಪರ ನಲವತ್ತಮೂರು ಬಂತು. ಒಂದು ವಾರ ಮುಂದಕ್ಕೆ. ಮುಂದಿನ ಭಾನುವಾರ ಬೆಳಗ್ಗೆ ನಲವತ್ತನಾಲ್ಕು, ಸಂಜೆ ನಲವತ್ತೈದು. ಮತ್ತೊಂದು ವಾರ. ದೀಪಾವಳಿ ಬಂತು, ಹೋಯಿತು.

ಡಿಸೆಂಬರಿನಲ್ಲಿ ಒಂದು ಸಂಗತಿ ಬೆಳಕಿಗೆ ಬಂತು. ನಮ್ಮ ನಿಯಮಾವಳಿಯಂತೆ ಹರಾಜು ಮುಗಿಯದೆ ವರ್ಷದ ಲೆಕ್ಕ ಮುಗಿಯುವುದಿಲ್ಲ. ಲೆಕ್ಕ ಮುಗಿಯದೆ ಚುನಾವಣೆ ನಡೆಯುವುದಿಲ್ಲ. ಗುರುದತ್ ತೀವ್ರ ವಿಷಾದದಿಂದ ಅಧ್ಯಕ್ಷರಾಗಿ ಮುಂದುವರಿದರು. ನಾನೂ ಕಾರ್ಯದರ್ಶಿಯಾಗಿ ಮುಂದುವರಿದೆ. ಇದರಲ್ಲಿ ನನಗೆ ಸ್ವಾರ್ಥವೇನೂ ಇಲ್ಲ, ರಾಜ್ಯೋತ್ಸವದ ಫೋಟೋದಲ್ಲಿ ಇಂದಿಗೂ ನನ್ನನ್ನು ಎರಡನೇ ಸಾಲಿನಲ್ಲೇ ನಿಲ್ಲಿಸುತ್ತಾರೆ.

ಅಷ್ಟರಲ್ಲಿ ಒರಳನ್ನಿಟ್ಟಿದ್ದ ಬಾಡಿಗೆ ಗೋದಾಮಿನ ಖರ್ಚು ಒರಳಿನ ಬೆಲೆಯನ್ನು ಮೀರಿತು. ಹರಾಜು ಮುಗಿಯುವವರೆಗೆ ಅದನ್ನು ಯಾರಾದರೂ ಸದಸ್ಯರ ಗ್ಯಾರೇಜಿನಲ್ಲಿಡಲು ಸಮಿತಿ ನಿರ್ಧರಿಸಿತು. ವಿಚಾರಿಸಿದಾಗ ಇಡೀ ಮಾರಿಸ್‌ವಿಲ್‌ನಲ್ಲಿ ಖಾಲಿ ಜಾಗವಿರುವ ಕನ್ನಡಿಗರ ಗ್ಯಾರೇಜ್ ಒಂದೇ ಒಂದು ಎಂದು ತಿಳಿದುಬಂತು. ಅದು ಗೋಪಿನಾಥರದು. ಅವರು ಇತ್ತೀಚೆಗಷ್ಟೇ ಕ್ಲೀನ್ ಮಾಡಿದ್ದರು.

ಹೀಗೆ ಒರಳು ತನ್ನ ಮನೆಗೆ ಬಳಗದ ಆಸ್ತಿಯಾಗಿ ಬಂತು. ಪಾಲಕರು ವಸ್ತುವನ್ನು ಸುಸ್ಥಿತಿಯಲ್ಲಿಡತಕ್ಕದ್ದು, ಸುಸ್ಥಿತಿಯನ್ನು ಸಮಿತಿ ಪ್ರತಿ ಭಾನುವಾರ ಮೂರೂವರೆಗೆ ಖುದ್ದಾಗಿ ತಪಾಸಣೆ ಮಾಡತಕ್ಕದ್ದು ಎಂದು ರೂಲ್ ಹದಿನಾರು. ಒರಳು ಸುಸ್ಥಿತಿಯಲ್ಲಿದೆಯೇ ಎಂದು ತಿಳಿಯುವುದಕ್ಕೆ ಶ್ಯಾವಿಗೆ ಒತ್ತದೆ ಬೇರೆ ದಾರಿಯಿಲ್ಲ. ಮೊದಲ ತಪಾಸಣೆಯಲ್ಲಿ ಗುರುದತ್ ಕಾಯಿಹಾಲಿನ ಜೊತೆ ಮೂರು ತಟ್ಟೆ ತಪಾಸಣೆ ಮಾಡಿ, ಇನ್ನೂ ಖಚಿತವಾಗಿ ಹೇಳಲಾಗದೆಂದರು.

ಹಿಡಿ ತಿರುಗಿಸುವವರು ಬೇಕಲ್ಲ? ಗೋಪಿನಾಥರಿಗೆ ಭುಜ, ಅಧ್ಯಕ್ಷರಿಗೆ ಪದವಿ, ನನಗೆ ಮೈಗಳ್ಳತನ. ವಸ್ತುವನ್ನು ನೋಡುವ ಹಕ್ಕು ಬಿಡ್ ಮಾಡಿದವರಿಗೂ ಇರುವುದರಿಂದ, ಫೋರ್ಟ್ ಮಿಲ್‌ನಿಂದ ಎರಡೂಮುಕ್ಕಾಲು ಗಂಟೆ ಡ್ರೈವ್ ಮಾಡಿಕೊಂಡು ಪ್ರತಾಪ್ ಬಂದಿದ್ದರು. ಬಿಸಿ ಉಂಡೆ ಹಾಕಿ, ಮೈಯೆಲ್ಲ ಬೆವರಿಳಿಸಿ, ಅವರೇ ತಿರುಗಿಸಿದರು. ರಾಜಲಕ್ಷ್ಮಿಯವರು ಕೆಳಗೆ ತಟ್ಟೆ ಹಿಡಿದರು. ಎಳೆ ಇಳಿಯಿತು. ಮೂರು ಐವತ್ತೊಂಬತ್ತಕ್ಕೆ ಪ್ರತಾಪರ ಪ್ರೋಗ್ರಾಂ ಬಿಡ್ ಹಾಕಿತು. ಎಲ್ಲರೂ ಮಜ್ಜಿಗೆ ಕುಡಿದು ಹೊರಟರು. ಮುಂದಿನ ವಾರವೂ ಬಂದರು. ನಾಲ್ಕನೇ ವಾರ "ಮೇಡಂ" ಹೋಗಿ "ಅಕ್ಕ" ಆಗಿತ್ತು. ಆರನೇ ವಾರ ರಾಜಲಕ್ಷ್ಮಿಯವರು, "ಬಲಗಡೆ ಒತ್ತಬೇಡ್ವೋ, ಅಮ್ಮ ಎಡಗಡೆ ಭಾರ ಹಾಕ್ತಿದ್ರು," ಎಂದು ಗದರಿದ್ದು ನನ್ನ ಕಿವಿಗೇ ಬಿತ್ತು.

ಹೀಗೆ 2025ರ ಮಾರ್ಚ್ 9 ಬಂತು. ಈ ದೇಶದ ಬೇಸಿಗೆ ಪದ್ಧತಿಯಂತೆ ಅಂದು ಬೆಳಗ್ಗೆ ಗಡಿಯಾರಗಳು ಒಂದು ಗಂಟೆ ಮುಂದೆ ಹೋಗಿದ್ದವು. ಪ್ರತಾಪರ ಪ್ರೋಗ್ರಾಂ ಹೋಗಿರಲಿಲ್ಲ, ಹಿಂದೆಲ್ಲ ಅದನ್ನು ಕೈಯಾರೆ ತಿದ್ದುತ್ತಿದ್ದವರು ಈ ಸಲ ಮರೆತಿದ್ದರು. ಹಳೇ ಲೆಕ್ಕದಲ್ಲೇ ಇದ್ದ ಅದು ಐದು ಗಂಟೆಗೆ ಬಿಡ್ ಹಾಕುವುದಿತ್ತು.

ರಾಜಲಕ್ಷ್ಮಿಯವರ ಬೆಳಗಿನ ಬಿಡ್ ಇನ್ನೂರ ಮೂವತ್ತನಾಲ್ಕು. ಮೂರು ಐವತ್ತೊಂಬತ್ತಾಯಿತು. ಪ್ರತಾಪರ ಎರಡೂ ಕೈಗಳು ಹಿಡಿಯ ಮೇಲಿದ್ದವು, ಅರ್ಧ ಉಂಡೆ ಒರಳಿನೊಳಗಿತ್ತು. ಶಾಹಬಾಜ್ ಟ್ಯಾಬ್ಲೆಟ್ ನೋಡಿ, "ಪ್ರತಾಪ್ ಭಾಯ್, ನಿಮ್ದು ಬಂದಿಲ್ಲ. ಇಪ್ಪತ್ತು ಸೆಕೆಂಡ್," ಎಂದ.

ಗೋಪಿನಾಥರ ಮುಖ ಅರಳಿತು. "ಲಕ್ಷ್ಮೀ, ಗೆದ್ದೆ ಕಣೇ!"

ಗುರುದತ್ ತಿನ್ನುತ್ತಿದ್ದ ತಟ್ಟೆಯನ್ನು ಕೆಳಗಿಟ್ಟರು. ಲೆಕ್ಕ, ಚುನಾವಣೆ ಎಲ್ಲ ಅವರ ಕಣ್ಣ ಮುಂದೆ ಬಂದಿರಬೇಕು. ಪ್ರತಾಪ್ ಹಿಡಿಯಿಂದ ಕೈ ತೆಗೆಯಲಿಲ್ಲ. "ಇರ್ಲಿ ಬಿಡಿ ಅಕ್ಕ. ನಿಮ್ದೇ ಅಲ್ವಾ," ಎಂದು ಮೆಲ್ಲಗೆ ಹೇಳಿ ತಲೆ ತಗ್ಗಿಸಿದರು. ಮುಂದಿನ ಭಾನುವಾರ ಏನು ಮಾಡುವುದೆಂದು ಆ ಮನುಷ್ಯನಿಗೆ ತಿಳಿದಿರಲಿಲ್ಲವೆಂದು ಕಾಣುತ್ತದೆ.

ರಾಜಲಕ್ಷ್ಮಿಯವರು ಎಡಗೈಯಲ್ಲಿ ತಟ್ಟೆ ಹಿಡಿದುಕೊಂಡೇ, ಹಿಟ್ಟಾಗಿದ್ದ ಬಲಗೈಯ ಬೆರಳ ಗೆಣ್ಣಿನಿಂದ ಟ್ಯಾಬ್ಲೆಟ್ ಒತ್ತಿದರು.

"ಆಂಟಿ!" ಎಂದ ಶಾಹಬಾಜ್. "ಲೀಡಿಂಗಲ್ಲಿ ನೀವೇ ಇದ್ರಿ. ನಿಮ್ಮ ಮೇಲೆ ನೀವೇ ಇನ್ನೂರ ಮೂವತ್ತೈದು ಹಾಕಿದೀರ."

"ಹೌದು. ಟೈಮೊಳಗೆ ಬಿತ್ತಾ?"

"ಮೂರು ಸೆಕೆಂಡ್ ಇತ್ತು."

"ಹಂಗಿದ್ರೆ ಒಂದು ವಾರ ಮುಂದಕ್ಕೆ," ಎಂದು ಅವರು ತಟ್ಟೆ ಸರಿಮಾಡಿಕೊಂಡರು. "ತಿರುಗ್ಸೋ ಪ್ರತಾಪ, ಆರೋಗುತ್ತೆ."

ಕಡತಕ್ಕೆ ಕಾರಣ ಬೇಕಾದ್ದರಿಂದ ಹೊರಡುವಾಗ ನಾನು ಕೇಳಿದೆ. "ಗೆದ್ದಿದ್ರೆ ಒರಳು ಬರ್ತಿತ್ತು ಸರ್," ಎಂದರು ರಾಜಲಕ್ಷ್ಮಿ. "ತಿರುಗ್ಸೋರು ಬರ್ತಿದ್ರಾ?" ಇದನ್ನು ನಾನು ಕಡತದಲ್ಲಿ "ತಾಂತ್ರಿಕ ಕಾರಣ" ಎಂದು ನಮೂದಿಸಿದ್ದೇನೆ.

ತನ್ನ ಮೇಲೆ ತಾನೇ ಬಿಡ್ ಹಾಕುವುದು ಯಾರಿಗೂ ಅನ್ಯಾಯವಲ್ಲವೆಂದು ಸಮಿತಿ ಆ ಕೂಡಲೇ, ಎರಡನೇ ತಟ್ಟೆಯ ಮೇಲೆ, ರೂಲ್ ಹತ್ತೊಂಬತ್ತನ್ನು ಅಂಗೀಕರಿಸಿತು. ಪ್ರತಾಪ್ ತಮ್ಮ ಪ್ರೋಗ್ರಾಂ ಸರಿಪಡಿಸಿಕೊಂಡಿದ್ದಾರೆ, ಅದು ಕೈಕೊಡುವ ವಾರ ರಾಜಲಕ್ಷ್ಮಿಯವರಿದ್ದಾರೆ. ಪ್ರೊಜೆಕ್ಟರ್ ಬಂದಿಲ್ಲ, ಯಾರೂ ಕೇಳಿಲ್ಲ. ಹರಾಜು ಬರುವ ಭಾನುವಾರ ನಾಲ್ಕು ಗಂಟೆಗೆ ಸರಿಯಾಗಿ ಮುಕ್ತಾಯವಾಗತಕ್ಕದ್ದು. ಸದಸ್ಯರು ಮೂರೂವರೆಗೆ ಹಾಜರಿರಬೇಕೆಂದು ಬರೆಯುವ ಅಗತ್ಯ ಈಗಿಲ್ಲ, ಮೂರೂಕಾಲಿಗೇ ಎಲ್ಲರೂ ಬಂದು ಬಾಗಿಲಲ್ಲಿ ನಿಂತಿರುತ್ತಾರೆ.