ನಾನು ಬಿದ್ದರೆ ಯಾರು ಅಂತ ಕೇಳಿದ ಪುಸ್ತಕ

ಇದನ್ನು ಹೀಗೆ ಮಾಡಿ, ಅದನ್ನು ಹಾಗೆ ಮಾಡಿ ಅಂತ ಪುಸ್ತಕ ಬರೆಯುವವರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ಹೀಗಂದರೆ ಹೊಟ್ಟೆಕಿಚ್ಚು ಅಂತೀರಿ. ಅನ್ನಿ. ಆದರೆ ಅಂಥ ಯಾವ ಪುಸ್ತಕವಾದರೂ ನಿಮಗೆ ಬೇಕಾದ್ದನ್ನು ಹೇಳಿದ್ದುಂಟೇ? ನಮ್ಮ ಮಿಕ್ಸಿಯ ಜೊತೆ ಬಂದ ಪುಸ್ತಕದಲ್ಲಿ ಮಿಕ್ಸಿಯನ್ನು ನೀರಲ್ಲಿ ಮುಳುಗಿಸಬೇಡಿ ಅಂತ ಬರೆದಿತ್ತು. ಮುಳುಗಿಸುವವರು ಯಾರ್ರೀ? ಖಾರ ಯಾಕೆ ನುಣ್ಣಗಾಗುತ್ತಿಲ್ಲ ಅಂತ ನೋಡಿದರೆ ಅದರ ಬಗ್ಗೆ ಒಂದಕ್ಷರ ಇಲ್ಲ.

ಇಂಥ ಪುಸ್ತಕ ಬರೆದು ಸಂಬಳ ತಗೊಳ್ಳುವವಳು ನಮ್ಮ ಮನೆಯಲ್ಲೇ ಹುಟ್ಟಿದ್ದಾಳೆ. ನನ್ನ ಮೊಮ್ಮಗಳು ಶೋಭ. ಬೇರೆ ಯಾರೋ ಮಾಡಿದ ಸಾಫ್ಟ್‌ವೇರನ್ನು ಹೇಗೆ ನಡೆಸಬೇಕು ಅಂತ ಕೊಯಮತ್ತೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆಯುವುದು ಅವಳ ಕೆಲಸ. ಹೋದ ವರ್ಷ ದೀಪಾವಳಿಗೆ ಗುಮಟಾಪುರಕ್ಕೆ ಬಂದಾಗ ಮಡಚುವ ಕಂಪ್ಯೂಟರನ್ನೂ ಹೊತ್ತುಕೊಂಡೇ ಬಂದಳು. ಜಗಲಿ ಮೇಲೆ ಕೂತು, ಬರೆದದ್ದನ್ನು ನನಗೆ ಕನ್ನಡದಲ್ಲಿ ಹೇಳತೊಡಗಿದಳು. "ನಂಗ್ಯಾಕಮ್ಮಿ ಇದು?" ಅಂದೆ. "ನಿಂಗೆ ಅರ್ಥ ಆದ್ರೆ ಇನ್ಯಾರಿಗಾದ್ರೂ ಆಯ್ತದ ಅಜ್ಜಿ" ಅಂದಳು. ಹೊಗಳಿದಳೋ ಬೈದಳೋ ಇವತ್ತಿಗೂ ತಿಳಿದಿಲ್ಲ.

ವಿಷಯ ಇಷ್ಟೆ. ಒಂದೇ ಕೆಲಸ ಮಾಡುವ ಕಂಪ್ಯೂಟರುಗಳ ಒಂದು ಗುಂಪಂತೆ. ಊರೂರಿಂದ ಜನ ತಂತಿ ಮೂಲಕ ಏನಾದರೊಂದು ಕೇಳಿಕೊಂಡು ಬರುತ್ತಲೇ ಇರುತ್ತಾರಂತೆ. ಎಲ್ಲರೂ ಒಂದಕ್ಕೇ ನುಗ್ಗಿದರೆ ಅದು ಕುಸಿದು ಬೀಳುತ್ತದೆ. ಅದಕ್ಕೆ ಮುಂದುಗಡೆ ಒಬ್ಬ, ಅವನೂ ಒಂದು ಕಂಪ್ಯೂಟರೇ ಅಂತೆ, ನಿಂತು, ನೀನು ಇಲ್ಲಿಗೆ ಹೋಗು, ನೀನು ಅಲ್ಲಿಗೆ ಹೋಗು ಅಂತ ಹಂಚುತ್ತಾನೆ. "ಅಷ್ಟೇನಾ? ಗೊರೆಹಬ್ಬದ ದಿನ ಬೀದಿ ತಲೇಲಿ ನಿಂತು ನಾ ಮಾಡೋದು ಇನ್ನೇನಮ್ಮಿ!" ಅಂದೆ.

ಗೊರೆಹಬ್ಬ ಅಂದರೆ, ದೀಪಾವಳಿ ಮುಗಿದ ಮೇಲೆ ನಮ್ಮೂರ ಬೀರೇಶ್ವರನ ಗುಡಿ ಹತ್ತಿರ ಗಂಡಸರು ಸಗಣಿ ಉಂಡೆ ಕಟ್ಟಿ ಹೊಡೆದಾಡುವ ಹಬ್ಬ. ಹೊಡೆದಾಡಿ, ಕೆರೆಗೆ ಬಿದ್ದು ತೊಳಕೊಂಡು, ಹೊಟ್ಟೆ ಹಸಿದು ನೆಂಟರ ಮನೆಗೆ ಬರುತ್ತಾರೆ. ನಮ್ಮ ಬೀದಿಯಲ್ಲಿ ಅಣ್ಣತಮ್ಮಂದಿರದು ನಾಲ್ಕು ಮನೆ. ನೆಂಟರು ನಾಲ್ಕಕ್ಕೂ ಸೇರಿದವರು. ಹಾಗೇ ಬಿಟ್ಟರೆ ಮೊದಲನೇ ಬಾಗಿಲಿಗೇ ನುಗ್ಗಿ, ಅಲ್ಲಿ ಸಾರು ಸಾಲದೆ, ಕೊನೇ ಮನೆಯಲ್ಲಿ ಅನ್ನ ಹಳಸುತ್ತದೆ. ಅದಕ್ಕೇ ಹಿರೀಸೊಸೆ ಬೀದಿ ತಲೆಯಲ್ಲಿ ನಿಂತು ಬಂದವರನ್ನು ಹಂಚಬೇಕು. ಅತ್ತೆ ಹೋದ ಮೇಲೆ ಆ ಜಾಗ ನನ್ನದು. ವರ್ಷವೆಲ್ಲ ನನ್ನ ಮಾತನ್ನು ಮನೆ ಬೆಕ್ಕೂ ಕೇಳುವುದಿಲ್ಲ. ಆ ಒಂದು ದಿನ ಮಾತ್ರ ಮೀಸೆ ತಿರುವಿಕೊಂಡು ಬಂದವರೂ ನಾನು ಬೆರಳು ತೋರಿದ ಕಡೆಗೇ ಹೋಗುತ್ತಾರೆ. ಅಂಥ ಜಾಗವನ್ನು ಉಸಿರಿರುವ ತನಕ ಬಿಡುತ್ತೇನೆಯೇ?

ಮುಂದೆ ನಿಂತವನು ತನ್ನ ಹಿಂದಿರುವ ಕಂಪ್ಯೂಟರುಗಳನ್ನು ಆಗಾಗ 'ಇದ್ದೀಯಾ?' ಅಂತ ಕೇಳುತ್ತಿರಬೇಕಂತೆ. ಉತ್ತರ ಬರದಿದ್ದರೆ ಸತ್ತಿದೆ ಅಂತ ಲೆಕ್ಕ, ಆ ಕಡೆಗೆ ಯಾರನ್ನೂ ಕಳಿಸಕೂಡದು. ಇದನ್ನೂ ಒಪ್ಪಿದೆ. ಆದರೆ ನಮ್ಮಲ್ಲಿ ಅನ್ನ ಮುಗಿದಿದ್ದರೂ 'ಇಲ್ಲ' ಅನ್ನುವ ಹೆಂಗಸು ಹುಟ್ಟಿಲ್ಲ. "ಅದ ಅದ, ಕಳ್ಸಿ" ಅಂತಲೇ ಕೂಗುತ್ತಾರೆ. ಸೌಟು ತಳ ಕೆರೆಯುವ ಸದ್ದಿಗೆ ಕಿವಿ ಕೊಡಬೇಕು. "ಇದ್ನೂ ಬರ್ಕೊ" ಅಂದೆ. "ಕಂಪ್ಯೂಟರ್‌ಗೆ ಮಾನ ಮರ್ಯಾದೆ ಇಲ್ಲ ಅಜ್ಜಿ, ಅದು ಸುಳ್ಳೇಳಲ್ಲ" ಅಂದಳು.

ಆಮೇಲೆ ಬಂತು ನನ್ನ ಮೈ ಉರಿಸಿದ ಪಾಠ. ಮುಂದೆ ನಿಂತವನೇ ಬಿದ್ದರೆ ಯಾರು? ಅದಕ್ಕೆ ಅವನ ಪಕ್ಕ ಇನ್ನೊಬ್ಬ ಕಾದಿರಬೇಕಂತೆ. 'ಇದ್ದೀಯಾ?' ಅಂತ ಈ ಕಾದಿರುವವನು ಮುಂದೆ ನಿಂತವನನ್ನೇ ಕೇಳುತ್ತಿರಬೇಕಂತೆ. ಉತ್ತರ ಬರಲಿಲ್ಲವೋ, ಆ ಜಾಗಕ್ಕೆ ಇವನು. ಆಳು ಬದಲಾದದ್ದು ಬಂದವರಿಗೆ ಗೊತ್ತೇ ಆಗಬಾರದು!

"ಗೊತ್ತೇ ಆಗ್ಬಾರ್ದು ಅಂದ್ರೇನೇ? ನಾ ಬಿದ್ರೆ, ಅಯ್ಯೋ ಆ ಯಮ್ಮ ಎಲ್ಲಿ ಅಂತಾನೂ ಅನ್ಬಾರ್ದಾ? ಒಡ್ದಾಕು ನೀ ಬರ್ದಿರೋ ಆ ಸಾಲ್ನ!"

"ಇದು ಯಂತ್ರದ್ ಇಚಾರ ಕಣಜ್ಜಿ. ಆದ್ರೂ ಕೇಳ್ತೀನಿ, ನೀ ಬಿದ್ರೆ ಯಾರವ್ರೆ? ಚಿಕ್ಕತಾಯಜ್ಜಿ ನಿಂತ್ಕೊಂಡಾರು ಅಲ್ವಾ?"

ಚಿಕ್ಕತಾಯಿ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಅವಳ ಹಸು ನನ್ನ ಅವರೆ ಗಿಡ ಮೇಯ್ದಾಗಿನಿಂದ ನಮಗೆ ಮಾತಿಲ್ಲ. ಹೇಳಲೇಬೇಕಾದ್ದನ್ನು ಕೋಳಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತೇವೆ. "ಅವ್ಳಾ? ನಾ ಬಿದ್ರಲ್ವಾ!" ಅಂದು ಎದ್ದುಹೋದೆ.

ಬಿದ್ದೆ. ಹಬ್ಬದ ದಿನವೇ. ಕೆರೆಗೆ ಹೋಗದೆ ಹಾಗೇ ಓಡಿಬಂದ ಯಾವನ ಮೈಯಿಂದಲೋ ಉದುರಿದ ಸಗಣಿ. ಹಾಸನೂರಿನ ನೆಂಟರಿಗೆ ಮೂರನೇ ಮನೆ ತೋರಿಸುತ್ತಾ, ಚಾಚಿದ ಬೆರಳು ಚಾಚಿಕೊಂಡೇ ಜಾರಿದೆ. ಅವರು ನನ್ನನ್ನು ಎತ್ತಿ ಒಳಗೆ ಮಲಗಿಸಿ, ತೋರಿಸಿದ್ದ ಮನೆಗೇ ಹೋಗಿ ಉಂಡರು. ಹಿಮ್ಮಡಿ ಊದಿ ಕುಂಬಳಕಾಯಿ ಆಗಿತ್ತು. ಅದರ ನೋವನ್ನು ತಡಕೊಂಡೆ. ತಡಕೊಳ್ಳಲಾಗದ್ದು ಹೊರಗಿನ ಸದ್ದು. ಬೀದಿ ತಲೆಯ ನನ್ನ ಜಾಗದಲ್ಲಿ ನಿಂತು ಚಿಕ್ಕತಾಯಿ ಕೂಗುತ್ತಿದ್ದಳು. ಈಗ ಗಲಾಟೆ ಆಗುತ್ತೆ, ಈಗ ಎಲೆ ಸಾಲದೆ ಜಗಳ ಏಳುತ್ತೆ, ಓಡಿಬಂದು "ಅಮ್ಮಾ, ಏನ್ಮಾಡದು?" ಅಂತಾರೆ ಅಂತ ಕಿವಿ ನಿಮಿರಿಸಿಕೊಂಡು ಕಾದೆ. ಒಂದು ಮಗುವೂ ಅಳಲಿಲ್ಲ. ಇಂಥ ದರಿದ್ರ ನೆಮ್ಮದಿಯ ಹಬ್ಬವನ್ನು ನಾನು ಕಂಡೇ ಇಲ್ಲ.

ಸಂಜೆ ಗೆಟ್ಟವಾಡಿಯಿಂದ ಬಂದಿದ್ದ ನನ್ನ ಒಡಹುಟ್ಟಿದ ತಮ್ಮ ಹೊರಡುವಾಗ ಒಳಗೆ ಇಣುಕಿದ. ಮಲಗಿದ್ದವಳು ಏಳಹೋದೆ. "ಮನೀಕ ಮನೀಕ, ದಣ್ದಿದ್ದೀಯ. ಈ ಸಲ ಬೋ ಚೆಂದಾಗಿ ಅಂಚ್ದೆ ಕಣಕ್ಕ" ಅಂದ. ಹೊಟ್ಟೆ ತುಂಬ ಉಂಡಿದ್ದ. ತನ್ನನ್ನು ಕಳಿಸಿದ ಬೆರಳು ಯಾರದು ಅಂತ ಕತ್ತೆತ್ತಿ ನೋಡಿರಲಿಲ್ಲ.

ಪಕ್ಕದಲ್ಲಿ ಕೂತು ಅರಿಶಿನ ಹಚ್ಚುತ್ತಿದ್ದ ಶೋಭ ಬಾಯಿ ಬಿಗಿಹಿಡಿದಿದ್ದಳು. ನಕ್ಕಿದ್ದರೆ ಇನ್ನೊಂದು ಕಾಲಲ್ಲಿ ಒದೆಯುತ್ತಿದ್ದೆ. "ಬಿದ್ದೋನು ಎದ್ಮೇಲೆ ಏನು ಅಂತ ಬರ್ದಿದ್ದೀಯಾ?" ಅಂತ ಕೇಳಿದೆ.

"ಬರ್ದಿವ್ನಿ ಅಜ್ಜಿ. ಜಾಗ ವಾಪಸ್ ಕಿತ್ಕೊಬೋದು, ಇಲ್ಲ ಪಕ್ಕದಲ್ಲಿ ಕಾದ್ಕೊಂಡಿರ್ಬೋದು. ಯಾವ್ದು ಅಂತ ಮೊದ್ಲೇ ತೀರ್ಮಾನ ಮಾಡಿರ್ಬೇಕು."

"ಕಿತ್ಕೊಳ್ಳೋದು. ಇದ್ರಲ್ಲಿ ತೀರ್ಮಾನ ಏನ್ ಬಂತು?"

ಈ ವರ್ಷ ಹಬ್ಬದ ದಿನ ಬಾಗಿಲಿಗೆ ನೀರು ಹಾಕುವ ಮೊದಲೇ ಹೋಗಿ ಬೀದಿ ತಲೆಯಲ್ಲಿ ನಿಂತೆ. ಎದುರು ಜಗಲಿಯಲ್ಲಿ ಚಿಕ್ಕತಾಯಿ ಎಲೆ ಅಡಿಕೆ ಹಾಕಿಕೊಂಡು ಕಾಲು ಚಾಚಿ ಕೂತಿದ್ದಳು. ನೆಂಟರು ಬರತೊಡಗಿದ ಹೊತ್ತಿಗೆ ಅವಳ ಬಾಯಿಂದ ಬಂತು, ಕೋಳಿಗಲ್ಲ, ನನಗೇ: "ಅಕ್ಕಾ, ಇದ್ದೀಯಾ?"

ಈ ಮಾತನ್ನು ಅವಳಿಗೆ ಹೇಳಿಕೊಟ್ಟವಳು ಯಾರು ಅಂತ ನಾನು ಯೋಚಿಸಬೇಕಾಗಿರಲಿಲ್ಲ. ಮಾತಿಲ್ಲದವಳಿಗೆ ಉತ್ತರ ಯಾಕೆ ಅಂತ ಸುಮ್ಮನಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು ಒಂದು ಕಾಲನ್ನು ಜಗಲಿಯಿಂದ ಕೆಳಗಿಟ್ಟಳು.

"ಇವ್ನಿ ಕಣೆ, ಕೂತ್ಕೊ!" ಅಂದೆ.

ಕೂತಳು. ಒಂದಿಷ್ಟು ಹೊತ್ತಿಗೆ ಮತ್ತೆ ಕೇಳಿದಳು. ಹೊತ್ತು ಮುಳುಗುವ ತನಕ ಅವಳು ಕೇಳುತ್ತಲೇ ಇದ್ದಳು, ನಾನು ಗಂಟಲು ಹರಿಯುವ ಹಾಗೆ ಇವ್ನಿ, ಇವ್ನಿ ಅನ್ನುತ್ತಲೇ ಇದ್ದೆ. ಏನು ಮಾಡುವುದು? ಸುಮ್ಮನಾದರೆ ಪುಸ್ತಕದ ಪ್ರಕಾರ ಸತ್ತ ಲೆಕ್ಕ.