ಅಂಗೈಯಗಲದ ಕಿಟಕಿ

ಹದಿನೆಂಟು ವರ್ಷದಲ್ಲಿ ಅವನ ಕೈ ತಪ್ಪಿದ್ದು ಒಂದೇ ಒಂದು ಸಲ, ಅದೂ ತನ್ನದೇ ಫೋಟೋದ ಸಂಭ್ರಮದಲ್ಲಿ. ಫ್ರೇಮಿನಂಗಡಿಯ ಆ ಕೆಲಸಗಾರನನ್ನು ಊರೆಲ್ಲ ಅಳತೆರಾಯ ಎಂದೇ ಕರೆಯುತ್ತಿತ್ತು. ಮೂರು ಸಲ ಅಳೆಯದೆ ರಟ್ಟಿಗೆ ಬ್ಲೇಡು ತಾಗಿಸಿದವನಲ್ಲ. ಚಹಾಕ್ಕಿಡುವ ನೀರಿಗೂ ಸ್ಕೇಲು ಹಿಡಿಯುತ್ತಾನೆಂದು ಹೆಂಡತಿ ನೆಂಟರೆದುರು ಆಡಿಕೊಳ್ಳುತ್ತಿದ್ದಳು.

ಅಂಥವನು ಕ್ಯಾಮೆರಾ ಸಂಘದ ಫೋಟೋ ಪ್ರದರ್ಶನದ ದಿನ ಬೆಳಿಗ್ಗೆ ಅಂಗಡಿ ತೆರೆದು, ತನ್ನ ಫೋಟೋವನ್ನು ಮೌಂಟಿನ ಹಿಂದೆ ಇಟ್ಟ. ಫೋಟೋ ಕಿಟಕಿಯೊಳಗಿಂದ ತೂರಿ ಮೇಜಿನ ಮೇಲೆ ಬಿತ್ತು.

ಮೌಂಟ್ ಎಂದರೆ ಚಿತ್ರಕ್ಕೂ ಚೌಕಟ್ಟಿಗೂ ನಡುವೆ ಕೂರುವ ಬಿಳಿ ರಟ್ಟು. ಅದರಲ್ಲಿ ಎಷ್ಟು ಕಿಟಕಿ ಕೊಯ್ದರೆ ಅಷ್ಟೇ ಚಿತ್ರ ಕಾಣುವುದು. ಪ್ರದರ್ಶನದ ಚೌಕಟ್ಟುಗಳೆಲ್ಲ ಒಂದೇ ಅಳತೆಯವು. ತನ್ನ ಪುಟ್ಟ ಫೋಟೋಕ್ಕೆಂದು ಅವನು ರಟ್ಟಿನ ಕೆಳಗಿನ ಎಡಮೂಲೆಯಲ್ಲಿ ಅಂಗೈಯಗಲದ ಕಿಟಕಿ ಕೊಯ್ದಿದ್ದ. ಈಗ ಕೈಯಲ್ಲಿದ್ದ ರಟ್ಟಿನ ಕಿಟಕಿಯಲ್ಲಿ ಅವನ ತಲೆಯೇ ಸಲೀಸಾಗಿ ತೂರುತ್ತಿತ್ತು. ಅದು ಹಲ್ಲಿನ ಡಾಕ್ಟರ ದೊಡ್ಡ ಫೋಟೋಕ್ಕೆ ಕೊಯ್ದದ್ದು. ಹಾಗಾದರೆ ಅಂಗೈಯಗಲದ್ದು ಎಲ್ಲಿ ಹೋಯಿತು?

ಎಲ್ಲಿ ಹೋಗಿರುತ್ತದೆ! ಚೌಕಟ್ಟು ಕೂಡಿಸುವುದು ಬೋರಲು ಹಾಕಿ. ನಿನ್ನೆ ಅವಸರದಲ್ಲಿ ಡಾಕ್ಟರ ಫೋಟೋಕ್ಕೆ ತನ್ನ ರಟ್ಟು ಇಟ್ಟು, ಬೆನ್ನಿಗೆ ಕಂದು ಕಾಗದ ಅಂಟಿಸಿ, ತಿರುಗಿಸಿಯೂ ನೋಡದೆ ಕಳಿಸಿಬಿಟ್ಟಿದ್ದ.

ಪ್ರದರ್ಶನದ ವಿಷಯ 'ಕಣ್ಣಿಗೆ ಬೀಳದ್ದು'. ಬಂದ ಮುನ್ನೂರು ಫೋಟೋಗಳಲ್ಲಿ ನಲವತ್ತನ್ನು ಆರಿಸಿದ್ದರು. ಅದರಲ್ಲಿ ಅಳತೆರಾಯನದೂ ಒಂದು. ಯಾರದೋ ಮನೆಯಲ್ಲಿ ಹಳೆಯ ಪಟ ಇಳಿಸಿದಾಗ ಗೋಡೆಯ ಮೇಲೆ ಉಳಿದ ಬೆಳ್ಳಗಿನ ಚೌಕ, ನಡುವೆ ಒಂದು ಮೊಳೆ. ಹದಿನೆಂಟು ವರ್ಷ ಊರವರ ಮುಖಗಳನ್ನೆಲ್ಲ ಗೋಡೆಗೇರಿಸಿದವನಿಗೆ ತನ್ನ ಹೆಸರು ಒಂದೇ ಒಂದು ಸಲ ಗೋಡೆಯ ಮೇಲೆ ನೋಡಬೇಕೆಂಬ ಆಸೆ. ಸಂಜೆ ನಾಲ್ಕಕ್ಕೆ ಹೆಂಡತಿ ತನ್ನ ಅಕ್ಕ ಭಾವನನ್ನು ಕರೆದುಕೊಂಡು ಬರುವವಳಿದ್ದಳು. "ಮೊಳೆ ಫೋಟೋ ನೋಡೋಕೆ ರಜೆ ಹಾಕ್ಬೇಕಾ?" ಎಂದು ಷಡ್ಡಕ ಕೇಳಿದ್ದು ಇನ್ನೂ ಕಿವಿಯಲ್ಲಿತ್ತು.

ಹಲ್ಲಿನ ಡಾಕ್ಟರೋ ಕ್ಯಾಮೆರಾ ಸಂಘದ ಅಧ್ಯಕ್ಷರು. ಅವರು ಕೊಟ್ಟದ್ದು ದೊಡ್ಡ ಹೋಟೆಲಿನ ಅಮೃತಶಿಲೆಯ ಮೆಟ್ಟಿಲು, ಕೆಂಪು ಜಮಖಾನ, ಮೇಲೆ ಬಂಡಿಚಕ್ರದಷ್ಟು ಅಗಲದ ದೀಪದ ಗೊಂಚಲು. ಇದು ಯಾವ ಕುರುಡನ ಕಣ್ಣಿಗೆ ಬೀಳದ್ದು ಎಂದು ಯಾರೂ ಕೇಳಲಿಲ್ಲ. ಆಯ್ಕೆ ಸಮಿತಿಯ ಮೂವರ ಹಲ್ಲೂ ಅವರ ಕೈಯಲ್ಲೇ ಇತ್ತು.

ದೊಡ್ಡ ಮೌಂಟನ್ನೂ ತನ್ನ ಫೋಟೋವನ್ನೂ ಖಾಲಿ ಚೌಕಟ್ಟನ್ನೂ ಕಂಕುಳಲ್ಲಿ ಅವುಚಿಕೊಂಡು ಅಳತೆರಾಯ ಸಭಾಂಗಣಕ್ಕೆ ಓಡಿದ. ಡಾಕ್ಟರದನ್ನು ಬಿಚ್ಚಿ ರಟ್ಟು ಬದಲಾಯಿಸಿದರೆ ಎರಡೂ ಸರಿಹೋಗುತ್ತವೆ, ಹತ್ತು ನಿಮಿಷದ ಕೆಲಸ. ಬಾಗಿಲಲ್ಲಿ ಸಭಾಂಗಣದ ಉಸ್ತುವಾರಿಯವರು ಅಡ್ಡ ನಿಂತರು.

"ಎಲ್ಲಿಗೆ?"

"ಒಂದು ಫೋಟೋ ಇಳಿಸ್ಬೇಕಿತ್ತು ಸಾರ್. ಸ್ವಲ್ಪ ಅಳತೆ ತಪ್ಪಿದೆ."

"ನೀವು ಅಳತೆ ತಪ್ಪೋದಾ? ತಮಾಷೆ ಬೇಡ. ಬಹುಮಾನ ನಿರ್ಣಯ ಮಾಡೋ ಮೇಡಂ ಒಳಗೆ ಬಂದಾಯ್ತು. ಈಗ ಮೊಳೆ ಮುಟ್ಟೋ ಹಾಗಿಲ್ಲ."

"ನನ್ನ ಫೋಟೋನೂ ಇನ್ನೂ ಹಾಕಿಲ್ಲ ಸಾರ್..."

"ಆ ಮೂಲೇದಾ? ಖಾಲಿ ಜಾಗ ಕಂಡ್ರೆ ಅಸಹ್ಯ ಅಂತ ದಾನಿಗಳ ಹೆಸರಿನ ಬೋರ್ಡ್ ಹಾಕಿಸ್ದೆ. ನೀವು ಅದನ್ನ ಸರಿಮಾಡ್ಕೊಂಡು ಬನ್ನಿ, ತೆಗೆಸ್ತೀನಿ."

ತನ್ನದನ್ನು ಸರಿಮಾಡಲು ಡಾಕ್ಟರದರೊಳಗಿನ ರಟ್ಟು ಬೇಕು, ಡಾಕ್ಟರದನ್ನು ಇಳಿಸಲು ಅಪ್ಪಣೆ ಬೇಕು. ಅಳತೆರಾಯ ಬಾಗಿಲ ಬಳಿಯ ಬೆಂಚಿನಲ್ಲಿ ಕೂತ. ಮಳೆಯಲ್ಲಿ ಬಂದವರೆಲ್ಲ ಅವನಿಗೆ ಕೊಡೆ ಕೊಟ್ಟು ಒಳಗೆ ಹೋದರು. ಮೊದಲ ಇಬ್ಬರಿಗೆ ತಾನು ಕೊಡೆ ಕಾಯುವವನಲ್ಲ ಎಂದು ಹೇಳಿದ, ಆಮೇಲೆ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಕೊಡೆಗಳಾಗಿದ್ದವು.

ಅಷ್ಟರಲ್ಲಿ ಒಳಗಿಂದ ಡಾಕ್ಟರ ಕೂಗು ಕೇಳಿಸಿತು. ಓಡಿಹೋಗಿ ನೋಡಿದರೆ ಅವರು ತಮ್ಮ ಫೋಟೋದೆದುರು ಜೇಬುಗಳ್ಳನ ಕೈಗೆ ಸಿಕ್ಕವರ ಹಾಗೆ ನಿಂತಿದ್ದರು. ಗೋಡೆಯಗಲದ ಬಿಳಿ ರಟ್ಟು. ಅದರ ಮೂಲೆಯ ಪುಟ್ಟ ಕಿಟಕಿಯಲ್ಲಿ ಕಂಬದ ಬುಡ, ನೆಲ ಒರೆಸುವ ಬಕೆಟ್ಟು, ಯಾರೋ ಬಿಟ್ಟುಹೋದ ಒಂದು ಜೊತೆ ಸವೆದ ಚಪ್ಪಲಿ.

"ನನ್ನ ಮೆಟ್ಟಿಲೆಲ್ಲಯ್ಯಾ? ಗೊಂಚಲೆಲ್ಲಿ? ಆ ಗೊಂಚಲಿಗೋಸ್ಕರ ಮೂರು ದಿನ ಕಾದಿದ್ದೆ!"

"ಎಲ್ಲಾ ಇದೆ ಸಾರ್, ರಟ್ಟಿನ ಹಿಂದೆ ಇದೆ..."

"ಹಿಂದೆ ಇಟ್ಕೊಂಡು ಏನ್ ಮಾಡ್ಲಿ? ನಿನ್ನ ಫೋಟೋ ಮೆರೀಲಿ ಅಂತ ನನ್ನದನ್ನ ಹಾಳು ಮಾಡಿದ್ದೀಯ. ನಿಮ್ಮ ಯಜಮಾನರಿಗೆ ಈಗಲೇ ಫೋನ್ ಮಾಡ್ತೀನಿ."

ಮಾಡಿಯೇ ಬಿಟ್ಟರು. ಯಜಮಾನರ ದನಿ ಫೋನಿನಿಂದಾಚೆ ಎಲ್ಲರಿಗೂ ಕೇಳಿಸಿತು. ಸರಿಮಾಡು, ಇಲ್ಲದಿದ್ದರೆ ನಾಳೆಯಿಂದ ಅಂಗಡಿಯ ಕಡೆ ತಲೆಹಾಕಬೇಡ. ಡಾಕ್ಟರ ಕೆಂಗಣ್ಣಿಗೆ ಹೆದರಿ ಉಸ್ತುವಾರಿಯವರೂ ದಾರಿಬಿಟ್ಟರು. ಅಳತೆರಾಯ ಚೌಕಟ್ಟನ್ನು ಮೊಳೆಯಿಂದ ಎತ್ತಿದ.

"ಅಯ್ಯೋ, ಅದನ್ನ ಯಾಕೆ ಇಳಿಸ್ತಿದ್ದೀರಿ?" ಊಟ ಮುಗಿಸಿ ಬಂದ ನಿರ್ಣಾಯಕಿ ಹಿಂದಿನಿಂದ ಕೇಳಿದರು. "ಮೊದಲನೇ ಬಹುಮಾನ ಅದಕ್ಕೇ ಬರೆದಾಯ್ತಲ್ಲ!"

ನಿರ್ಣಾಯಕಿ ಕನ್ನಡಕ ಸರಿಪಡಿಸಿಕೊಂಡು ಹತ್ತಿರ ಬಂದರು. "ಇಷ್ಟು ದೊಡ್ಡ ಬಿಳಿ ಜಾಗ ಬಿಟ್ಟು, ಮೂಲೆಯಲ್ಲಿ ಒಂದು ಜೊತೆ ಚಪ್ಪಲಿ! ಆ ಕಿತ್ತ ಪಟ್ಟಿಗೆ ಹಾಕಿದ ನೀಲಿ ದಾರ ನೋಡಿ. ಇದು ಯಾರ ಯೋಚನೆ?"

ಅಳತೆರಾಯ ಬಾಯಿ ತೆರೆದ. ಡಾಕ್ಟರು ಹಲ್ಲು ಕೀಳುವವರ ಚುರುಕಿನಲ್ಲಿ ಅವನಿಗೆ ಅಡ್ಡ ಬಂದರು.

"ನಂದೇ ಮೇಡಂ. ಎಲ್ಲರೂ ಮೇಲಕ್ಕೆ ನೋಡ್ತಾರೆ, ನಾನು ಕೆಳಕ್ಕೆ ನೋಡಿದೆ. ಮಿಕ್ಕಿದ್ದನ್ನ ಮುಚ್ಚೋಕೆ ಧೈರ್ಯ ಬೇಕಾಗುತ್ತೆ." ಆಮೇಲೆ ಅಳತೆರಾಯನ ಕಿವಿಯಲ್ಲಿ, "ಆ ಹಿಂದಿನ ಕಾಗದ ಕಿತ್ತೆ ಅಂದ್ರೆ ನೋಡು!"

ಅಳತೆರಾಯ ಚೌಕಟ್ಟನ್ನು ಮತ್ತೆ ಮೊಳೆಗೆ ಸಿಕ್ಕಿಸಿದ. ಅದರ ಜೊತೆಗೇ ಅವನ ರಟ್ಟೂ ಅಲ್ಲೇ ಉಳಿಯಿತು. ಬಹುಮಾನ ತೀರ್ಮಾನವಾದ ಮೇಲೆ ಹೊಸದೇನನ್ನೂ ತೂಗುಹಾಕುವಂತಿಲ್ಲ ಎಂದು ಉಸ್ತುವಾರಿಯವರು ನಿಯಮ ಓದಿ ಹೇಳಿದರು. ದಾನಿಗಳ ಬೋರ್ಡು ಕದಲಲಿಲ್ಲ. ಅವನು ಫೋಟೋವನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡ. ಅಳು ಬರುವ ಹಾಗಿತ್ತು, ಆದರೆ ಒಂಬತ್ತು ಜನ ಕೊಡೆ ಕೇಳಿಕೊಂಡು ಬಂದಿದ್ದರು.

ನಾಲ್ಕಕ್ಕೆ ಸರಿಯಾಗಿ ಹೆಂಡತಿ ಬಂದಳು, ಹಿಂದೆ ಅಕ್ಕ ಭಾವ. ಡಾಕ್ಟರು ಮೈಕಿನೆದುರು ನಿಂತು ಚಹಾ ಮಾಡಿದವರವರೆಗೆ ಎಲ್ಲರಿಗೂ ಧನ್ಯವಾದ ಹೇಳುತ್ತಿದ್ದರು. ಫ್ರೇಮಿನವನ ಹೆಸರು ಅದರಲ್ಲಿ ಬರಲಿಲ್ಲ.

"ಎಲ್ರೀ ನಿಮ್ಮದು?" ಹೆಂಡತಿ ಕೇಳಿದಳು.

"ಬೋರ್ಡ್ ಹಾಕಿದ್ದಾರೆ."

"ನಾನು ಹೇಳ್ಲಿಲ್ವಾ?" ಎಂದ ಷಡ್ಡಕ. "ಮೊಳೆ ಫೋಟೋ ಯಾರು ಹಾಕ್ತಾರೆ?"

ಹೆಂಡತಿ ಅವಮಾನ ನುಂಗಿಕೊಂಡು ಗೋಡೆಯುದ್ದಕ್ಕೂ ನಡೆದವಳು ಬಹುಮಾನದ ಚಿತ್ರದೆದುರು ನಿಂತುಬಿಟ್ಟಳು. ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

"ಇದು ನಿಮ್ಮ ಚಪ್ಪಲಿ ಅಲ್ವೇನ್ರೀ! ಈ ನೀಲಿ ದಾರ ನಾನೇ ಹೊಲಿದದ್ದು!"

ಅಳತೆರಾಯ ನೋಡಿದ. ಹೌದು. ಆ ಹೋಟೆಲಿನಲ್ಲಿ ಪಟಗಳನ್ನು ತೂಗುಹಾಕಲು ಹೋದಾಗ ಜಮಖಾನ ಕೊಳೆಯಾಗುತ್ತದೆಂದು ಕಂಬದ ಬಳಿ ಚಪ್ಪಲಿ ಬಿಡಿಸಿದ್ದರು. ಮಧ್ಯಾಹ್ನದಿಂದ ಅಷ್ಟು ಸಲ ನೋಡಿದರೂ ಅವನಿಗೇ ಗುರುತು ಸಿಕ್ಕಿರಲಿಲ್ಲ.

ಹೆಂಡತಿಯ ಕೂಗಿಗೆ ಸಭೆ ತಿರುಗಿತು. ನಿರ್ಣಾಯಕಿ ಕೈ ಜೋಡಿಸಿಕೊಂಡೇ ಓಡಿಬಂದರು. "ಆ ಚಪ್ಪಲಿಯವರು ನೀವೇನಾ? ಎಂಥಾ ಭಾಗ್ಯ! ಬನ್ನಿ, ಚಿತ್ರದ ಪಕ್ಕ ನಿಂತ್ಕೊಳ್ಳಿ."

ಡಾಕ್ಟರು ಅವನ ಹೆಗಲ ಮೇಲೆ ಕೈ ಹಾಕಿದರು. ಪತ್ರಿಕೆಯ ಫೋಟೋಗ್ರಾಫರು ಮಂಡಿಯೂರಿ ಕೂತು, ಕ್ಯಾಮೆರಾವನ್ನು ನೆಲದ ಕಡೆ ತಿರುಗಿಸಿದರು. ಅಳತೆರಾಯನ ಕಾಲಲ್ಲಿ ಈ ದಿನಕ್ಕೆಂದೇ ಹೆಂಡತಿ ಕೊಡಿಸಿದ್ದ ಹೊಸ ಶೂ ಮಿರುಗುತ್ತಿತ್ತು.

"ಶೂ ಬಿಚ್ಚಿಬಿಡಿ ಸಾರ್, ಬರಿಗಾಲೇ ಚೆಂದ. ಮುಖ ಬರಲ್ಲ, ನೀವು ನಗೋದು ಬೇಡ. ಆ ಪೊಟ್ಟಣ ಒಂಚೂರು ಆಚೆ ಇಡ್ತೀರಾ? ಕಾಲಿಗೆ ಅಡ್ಡ ಬರ್ತಿದೆ."

ಅಳತೆರಾಯ ಪೊಟ್ಟಣವನ್ನು ಗೋಡೆಗೆ ಒರಗಿಸಿಟ್ಟು, ಬಗ್ಗಿ ಶೂವಿನ ಲೇಸು ಬಿಚ್ಚತೊಡಗಿದ.